ಸಣ್ಣ ಬಾರೂನ್ ತೋಳ ಓಡಿಸಿದ ಕಥೆ

ಶಹಾಪುರ
೨೦ ಜೂನ್ ೨೦೨೪

ಅಪ್ಪಾ,

ಜೈಭೀಮ. ಪತ್ರ ಹೇಗೆ ಶುರು ಮಾಡಬೇಕೆಂದು ಕನ್ನಡ ಟೀಚರ್ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದಾರೆ. ಅಷ್ಟನ್ನೂ ಬರೆದರೆ ಅರ್ಧ ಹಾಳೆ ಅಲ್ಲೇ ಮುಗಿಯುತ್ತದೆ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ವಸತಿ ಶಾಲೆ ಚೆನ್ನಾಗಿದೆ. ಊಟ ಚೆನ್ನಾಗಿದೆ. ಹಾಸಿಗೆ ಚೆನ್ನಾಗಿದೆ. ವಾರ್ಡನ್ ಪಾರ್ವತಿಬಾಯಿ ಮೇಡಂ ಬಹಳ ಜೋರು, ಆದರೆ ಅವರೂ ಚೆನ್ನಾಗಿದ್ದಾರೆ.

ಇಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಭಾನುವಾರ ಮೇಡಂ ಫೋನಿನಿಂದ ಐದು ನಿಮಿಷ ಮಾತಾಡಬಹುದು. ಅದರಲ್ಲಿ ನಾಲ್ಕೂವರೆ ನಿಮಿಷ ಅವ್ವನೇ "ಉಂಡೀ? ತೆಲಿಗಿ ಎಣ್ಣಿ ಹಚ್ಚಿಕೊಂಡೀ? ಬಟ್ಟಿ ಯಾರ್ ಒಗಿತಾರ?" ಎನ್ನುತ್ತಾಳೆ. ಉಳಿದ ಅರ್ಧ ನಿಮಿಷದಲ್ಲಿ ಬಾರೂನ್ ವಿಷಯ ಹೇಗೆ ಕೇಳಲಿ? ಅದಕ್ಕೇ ಈ ಪತ್ರ.

ನಾನು ಬಂದ ವಾರವೇ ಬಾರೂನ್ ಮೊಬೈಲ್ ಆಟದ ನಾಲ್ಕನೇ ಭಾಗ ಬಿಡುಗಡೆಯಾಗಿದೆ. ನೀನು ಅದನ್ನು ಆಡಬೇಕು. ಆಡಿ, ಏನಾಯಿತೆಂದು ಬರೆಯಬೇಕು. ಅವ್ವನ ಫೋನಿನಲ್ಲಿ ಹಾಕಿಕೊಳ್ಳಲು ಪಕ್ಕದ ಮನೆಯ ಜಲಾಲುದ್ದೀನ ಕಾಕಾ ಹೇಳಿಕೊಡುತ್ತಾರೆ.

ನಿನಗೆ ಗೊತ್ತಾಗಲೆಂದು ಹಿಂದಿನದನ್ನು ಹೇಳುತ್ತೇನೆ. ಬಾರೂನ್ ದೊಡ್ಡ ವೀರ. ಎಡ ಭುಜಕ್ಕೆ ಕಬ್ಬಿಣದ ಕವಚ, ಕೈಯಲ್ಲಿ ಆಳೆತ್ತರದ ಕತ್ತಿ. ಆದರೆ ಪ್ರತಿ ಭಾಗದಲ್ಲೂ ಅವನ ಚಿಕ್ಕಂದಿನ ರೂಪ ಒಂದು ಸಲ ಬಂದು ಹೋಗುತ್ತದೆ. ಮೊದಲ ಭಾಗದಲ್ಲಿ ಸುರುಟು ಕೂದಲಿನ ಹುಡುಗ ಬಾವಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಾನೆ, ಮೂರೇ ಸೆಕೆಂಡು. ಎರಡನೆಯದರಲ್ಲಿ ಕನಸಿನಲ್ಲಿ ಬರುತ್ತಾನೆ, ಮುಂದಿನ ಹಲ್ಲು ಬಿದ್ದಿದೆ, ಕೂದಲು ನೆಟ್ಟಗಿದೆ (ಚಿತ್ರ ಬರೆದವರು ಬೇರೆ ಇರಬೇಕು, ನನಗೆ ಸಿಟ್ಟು ಬಂದಿತ್ತು). ಮೂರನೆಯದರಲ್ಲಿ ದೊಡ್ಡ ಬಾರೂನ್ ಬೆಂಕಿಯ ಸುತ್ತ ಕೂತ ಸೈನಿಕರಿಗೆ ಕಥೆ ಹೇಳುತ್ತಾನೆ: "ಹನ್ನೊಂದು ವರ್ಷದವನಿದ್ದಾಗ ಒಂದು ಪಂಜು ಹಿಡಿದು ಒಬ್ಬನೇ ಏಳು ತೋಳಗಳನ್ನು ಓಡಿಸಿದೆ." ಆಗ ಸಣ್ಣ ಬಾರೂನ್ ಎದೆಯೆತ್ತಿ ನಿಂತಿರುತ್ತಾನೆ. ನನ್ನ ಟ್ರಂಕಿನ ಮುಚ್ಚಳದ ಒಳಗೆ ಬಿಡಿಸಿದ್ದು ಅವನನ್ನೇ. ನಾಲ್ಕನೇ ಭಾಗ ಪೂರ್ತಿ ಅವನದೇ. ತೋಳಗಳ ಜಾಗ ಬಂದಾಗ ಒಂದೂ ಬಿಡದೆ ಬರೆ.

ನನಗೂ ಹನ್ನೊಂದು ವರ್ಷ. ನೀನು ಸುರಪುರದ ಹಾಸ್ಟೆಲಿಗೆ ಹೋದಾಗಲೂ ಹನ್ನೊಂದೇ ಅಲ್ಲವೇ? ಮೂರು ವರ್ಷದಲ್ಲಿ ಒಂದು ದಿನವೂ ಅಳಲಿಲ್ಲ ಎಂದಿದ್ದೆ. ನಾನೂ ಅತ್ತಿಲ್ಲ.

ನಿನ್ನ
ಯಶೋಧರಾ


ನಾರಾಯಣಪುರ
೨ ಜುಲೈ ೨೦೨೪

ಯಶೂ,

ನಿನ್ನ ಪತ್ರವನ್ನು ಕ್ವಾರ್ಟರ್ಸಿನ ಅರ್ಧ ಜನ ಓದಿದ್ದಾರೆ. ನಿಮ್ಮವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನೀರಿಗೆ ಹೋದಳು.

ಜಲಾಲುದ್ದೀನ ಆಟ ಹಾಕಿಕೊಟ್ಟ. ಅದು ಹಿಂದಿಯಲ್ಲಿ ಮಾತಾಡುತ್ತದೆ. ನನಗೆ ತಿಳಿಯದ್ದನ್ನು ಅವನೇ ಹೇಳುತ್ತಾನೆ. ಡ್ಯೂಟಿ ಮುಗಿಸಿ ಬಂದು ಸಂಜೆ ಬಾಗಿಲ ಕಟ್ಟೆಯ ಮೇಲೆ ಕೂತು ಶುರು ಮಾಡಿದೆ. ಮೊದಲ ದಿನ ಸಣ್ಣ ಬಾರೂನ್ ಹದಿನಾಲ್ಕು ಸಲ ಹಳ್ಳಕ್ಕೆ ಬಿದ್ದ. ಕಾಲುವೆಯ ಗೇಟನ್ನು ಇಪ್ಪತ್ತು ವರ್ಷ ಎತ್ತಿ ಇಳಿಸಿದ ಕೈ ಇದು, ಆದರೆ ಈ ಹುಡುಗನನ್ನು ಒಂದು ಹಳ್ಳ ದಾಟಿಸಲು ಬರಲಿಲ್ಲ. ಹದಿನೈದನೇ ಸಲಕ್ಕೆ ನಿಮ್ಮವ್ವನಿಗೆ ತಡೆಯಲಿಲ್ಲ.

"ಕೊಡ್ರಿ ಇಲ್ಲಿ. ಆ ಕೂಸಿನ್ನ ಎಷ್ಟ್ ಸಲ ಕೊಲ್ತೀರಿ?" ಎಂದು ಫೋನು ಕಸಿದುಕೊಂಡಳು.

ಹತ್ತಿ ಬಿಡಿಸಿದ ಬೆರಳು ನೋಡು, ಒಂದೇ ಏಟಿಗೆ ದಾಟಿಸಿಬಿಟ್ಟಳು. ಈಗ ಆಡುವವಳು ಅವಳು, ಅರ್ಥ ಹೇಳುವವನು ಜಲಾಲುದ್ದೀನ, ಬರೆಯುವವನು ನಾನು.

ಈ ಭಾಗದಲ್ಲಿ ಹುಡುಗನಿಗೆ ಕತ್ತಿಯಿಲ್ಲ. ಕತ್ತಿಯ ಗುಂಡಿ ಒತ್ತಿದರೆ ಸುಮ್ಮನೆ ಮೂಗು ಒರೆಸಿಕೊಳ್ಳುತ್ತಾನೆ. ಓಡಬಲ್ಲ, ಮರ ಹತ್ತಬಲ್ಲ, ಸಿಳ್ಳೆ ಹಾಕಬಲ್ಲ, ಅಡಗಬಲ್ಲ. ಲೀಮಾ ಎಂಬ ಅಕ್ಕನ ಜೊತೆ ಕುರಿ ಕಾಯುತ್ತಾನೆ. ಕೂದಲು ಸುರುಟು, ಹಲ್ಲೂ ಬಿದ್ದಿದೆ. ಎರಡೂ ಖರೆ ಅಂತಾಯಿತು, ಸಿಟ್ಟು ಬಿಡು. ತೋಳಗಳು ಇನ್ನೂ ಬಂದಿಲ್ಲ.

ಹಾಸ್ಟೆಲ್ ಬಗ್ಗೆ ನೀನು ಬರೆದದ್ದು ಓದಿದೆ. ಗಟ್ಟಿಯಾಗಿರು.

ನಿನ್ನ ಅಪ್ಪ
ದೇವಿಂದ್ರ


ಶಹಾಪುರ
೧೬ ಜುಲೈ ೨೦೨೪

ಅಪ್ಪಾ,

ಅವ್ವ ಆಡುತ್ತಾಳೆ ಎಂದು ಓದಿ ನಾನು ಊಟದ ಸಾಲಿನಲ್ಲೇ ನಕ್ಕುಬಿಟ್ಟೆ. ಪಾರ್ವತಿಬಾಯಿ ಮೇಡಂ "ಏನವ್ವಾ, ಸಾರ್ ಅಷ್ಟ್ ಚಲೋ ಆಗೇತೇನು?" ಎಂದರು.

ನನ್ನ ಎದುರಿನ ಮಂಚ ಹುಮೇರಾಳದು. ಅವಳ ಅಣ್ಣನೂ ಬಾರೂನ್ ಆಡುತ್ತಾನಂತೆ. ಆದರೆ ಅವನು ನಿಧಾನ. ನಮ್ಮ ಮನೆಯಲ್ಲಿ ಮೊದಲು ಮುಗಿಯಬೇಕು, ಅವ್ವನಿಗೆ ಹೇಳು. ಇಡೀ ಕೋಣೆಗೆ ನಾನೇ ಕಥೆ ಹೇಳುವವಳು. ನಿನ್ನ ಪತ್ರ ಬರುವವರೆಗೆ ಎಲ್ಲರೂ ಕಾಯುತ್ತಾರೆ.

ಒಂದು ಕೇಳಲೇ? ಹಾಸ್ಟೆಲಿನಲ್ಲಿ ನಿನಗೆ ಯಾವತ್ತೂ ಮನೆಗೆ ಬಂದುಬಿಡಬೇಕು ಅನಿಸಲಿಲ್ಲವೇ? ಅನಿಸಿದರೆ ಏನು ಮಾಡುತ್ತಿದ್ದೆ? ಸುಮ್ಮನೆ ಕೇಳಿದೆ. ಹುಮೇರಾಗೆ ಹೇಳಬೇಕು, ಅವಳಿಗೆ ಹಾಗಾಗುತ್ತದೆ.

ತೋಳಗಳನ್ನು ಬೇಗ ಕಳಿಸು.

ಯಶೋಧರಾ


ನಾರಾಯಣಪುರ
೧೧ ಆಗಸ್ಟ್ ೨೦೨೪

ಪ್ರೀತಿಯ ಮಗಳಿಗೆ,

ಬರೆಯಲು ತಡವಾಯಿತು. ನದಿ ತುಂಬಿ ಬಂದಿತ್ತು, ಮೂರು ವಾರ ನಮಗೆ ಬಿಡುವಿರಲಿಲ್ಲ.

ತೋಳಗಳು ಬಂದವು. ಒಟ್ಟು ಏಳು. ಸಣ್ಣ ಬಾರೂನ್ ಉರಿಯುವ ಪಂಜನ್ನು ಹಿಡಿದು ಸಿಂಹದಂತೆ ಅವುಗಳ ಮೇಲೆ ಎರಗಿದನು. ಭೀಕರವಾದ ಕಾಳಗ ನಡೆಯಿತು. ಒಂದೊಂದೇ ತೋಳ ಬಾಲ ಮುದುರಿಕೊಂಡು ಓಡಿಹೋಯಿತು. ಊರಿನವರೆಲ್ಲ ಬಂದು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಕ್ಕ ಲೀಮಾಗೆ ಬಹಳ ಸಂತೋಷವಾಯಿತು.

ಬಾರೂನನಂತೆ ನೀನೂ ಧೈರ್ಯದಿಂದ ಇರಬೇಕು. ನಾನು ಸುರಪುರದಲ್ಲಿ ಮೂರು ವರ್ಷ ಇದ್ದಾಗ ಮನೆಗೆ ಹೋಗಬೇಕೆಂಬ ಯೋಚನೆಯೇ ಬರಲಿಲ್ಲ. ಓದಿನ ಕಡೆಗೇ ನನ್ನ ಗಮನವಿತ್ತು. ಅಪ್ಪನಿಗೆ ಕಾಯಿಲೆಯಾಯಿತೆಂದು ಬಿಟ್ಟೆನೇ ಹೊರತು ಬೇರೆ ಕಾರಣವಿಲ್ಲ. ಹುಮೇರಾಗೂ ಇದನ್ನೇ ಹೇಳು.

ಇಂತಿ
ದೇವಿಂದ್ರ


ಶಹಾಪುರ
೨೬ ಆಗಸ್ಟ್ ೨೦೨೪

ಇವರಿಗೆ,
ಶ್ರೀ ದೇವಿಂದ್ರ ಅವರು,
ಕಾಲುವೆ ಗೇಟ್ ವಿಭಾಗ, ನಾರಾಯಣಪುರ

ಮಾನ್ಯರೇ,

ವಿಷಯ: ತಾವು ಸುಳ್ಳು ಬರೆದಿರುವ ಬಗ್ಗೆ.

ಈ ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ತಿಳಿಸುವುದೇನೆಂದರೆ, ನಿನ್ನೆ ಭಾನುವಾರ ಹುಮೇರಾಳ ಅಣ್ಣ ಅವಳನ್ನು ನೋಡಲು ಬಂದಿದ್ದನು. ಅವನು ಆಟ ಮುಗಿಸಿದ್ದಾನೆ. ತೋಳಗಳು ಬಂದಾಗ ಸಣ್ಣ ಬಾರೂನ್ ಜೋಳ ತುಂಬುವ ದೊಡ್ಡ ಮಡಕೆಯೊಳಗೆ ಇಳಿದು ಮುಚ್ಚಳ ಹಾಕಿಕೊಂಡು ಅಳುತ್ತಾನೆ. ತೋಳ ಓಡಿಸಿದವಳು ಲೀಮಾ. ಅವಳ ಎಡಗೈಗೆ ಗಾಯವಾಗುತ್ತದೆ. ಬಾರೂನ್ ಮುಂದೆ ದೊಡ್ಡವನಾಗಿ ಸೈನಿಕರಿಗೆ ಹೇಳಿದ್ದೆಲ್ಲ ಸುಳ್ಳು. ನಾನು ಇಡೀ ಕೋಣೆಗೆ ಪಂಜಿನ ಕಥೆ ಹೇಳಿದ್ದೆ. ಎಲ್ಲರೂ ನನ್ನನ್ನು ನೋಡಿ ನಕ್ಕರು.

ಬಾರೂನ್ ಸುಳ್ಳ ಎಂಬುದು ಒಂದು. ಇನ್ನೊಂದು, ಅವ್ವ ಆಡುವಾಗ ತಾವು ಪಕ್ಕದಲ್ಲೇ ಕೂತು ನೋಡಿದ್ದೀರಿ. ನೋಡಿಯೂ ಹೀಗೆ ಬರೆದಿರಿ. ತಾವು ನನಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆನು.

ಇನ್ನು ಮುಂದೆ ಆಟದ ವಿಷಯ ಬರೆಯುವ ಅಗತ್ಯವಿರುವುದಿಲ್ಲ.

ತಮ್ಮ ವಿಶ್ವಾಸಿ
ಯಶೋಧರಾ ದೇವಿಂದ್ರ
ಆರನೇ ತರಗತಿ, ಬಿ ವಿಭಾಗ


ನಾರಾಯಣಪುರ
೮ ಸೆಪ್ಟೆಂಬರ್ ೨೦೨೪

ಯಶೂ,

ನಿನ್ನ ಅರ್ಜಿ ತಲುಪಿತು. ಇವತ್ತಿನ ಫೋನಿನಲ್ಲೂ ನನ್ನ ಜೊತೆ "ಹ್ಞೂಂ" ಬಿಟ್ಟು ಬೇರೆ ಮಾತಾಡಲಿಲ್ಲ. ಹೋದ ಭಾನುವಾರವೂ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಆಟದ ವಿಷಯ ಬೇಡವೆಂದು ಬರೆದಿದ್ದೀಯ, ಆದರೂ ಸ್ವಲ್ಪ ಬರುತ್ತದೆ.

ಹುಮೇರಾಳ ಅಣ್ಣ ಹೇಳಿದ್ದು ನಿಜ. ಹುಡುಗ ಮಡಕೆಯೊಳಗೆ ಕೂತು ಅಳುವುದನ್ನು ನೋಡಿದಾಗ ನಿನ್ನ ಟ್ರಂಕಿನ ಚಿತ್ರ ನೆನಪಾಯಿತು. ಅಲ್ಲಿ ನೀನು ಒಬ್ಬಳೇ ಇರುವಾಗ ಇದನ್ನು ಹೇಗೆ ಬರೆಯಲಿ ಎಂದು ಬದಲಿಸಿಬಿಟ್ಟೆ. ನಿಮ್ಮವ್ವನಿಗೆ ಪತ್ರ ಓದಿ ತೋರಿಸಲಿಲ್ಲ. ತೋರಿಸಿದ್ದರೆ ಕಳಿಸಲು ಬಿಡುತ್ತಿರಲಿಲ್ಲ. ನಿನ್ನ ಅರ್ಜಿ ಬಂದ ಮೇಲೆ ಅವಳಿಗೆ ಎಲ್ಲ ತಿಳಿಯಿತು. "ಹನ್ನೊಂದ್ ವರ್ಷದ ಕೂಸು ತ್ವಾಳದ ಕೂಡ ಗುದ್ದ್ಯಾಡಬೇಕೇನು? ಅಡಗಿದ್ದ ಚಲೋ ಆತು. ನೀವ್ ಯಾಕ್ ಅದನ್ನ ಮುಚ್ಚಿಟ್ರಿ?" ಎಂದಳು.

ಯಾಕೆ ಮುಚ್ಚಿಟ್ಟೆ ಎಂದು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು.

ನಾನು ಸುರಪುರದ ಹಾಸ್ಟೆಲಿನಲ್ಲಿ ಮೂರು ವರ್ಷ ಇರಲಿಲ್ಲ. ಮೂರು ವಾರವೂ ತುಂಬಲಿಲ್ಲ. ಹೋದ ದಿನದಿಂದ ಅಳುತ್ತಿದ್ದೆ. ಅಲ್ಲಿ ವಿಶ್ವರಾಧ್ಯ ಮಾಸ್ತರರಿದ್ದರು. ನಾನು ಊಟ ಬಿಟ್ಟಿದ್ದು ನೋಡಿ ಸೈಕಲ್ಲಿನ ಮುಂದೆ ಕೂರಿಸಿಕೊಂಡು ತಮ್ಮ ಮನೆಗೆ ಕರೆದೊಯ್ದರು. ಅವರ ಮನೆಯವರು ರೊಟ್ಟಿ, ಪುಂಡಿಪಲ್ಯ ಬಡಿಸಿದರು, ತಮ್ಮ ಮಕ್ಕಳ ಸಾಲಿನಲ್ಲೇ. ಅಂಥ ಮನೆಯೊಳಗೆ ಅಂಥ ಸಾಲಿನಲ್ಲಿ ನಾನು ಅಲ್ಲಿಯವರೆಗೆ ಕೂತಿರಲಿಲ್ಲ. ಆ ಕಾಲಕ್ಕೆ ಅದು ಏನೆಂದು ನಿನಗೆ ನಿಮ್ಮಜ್ಜಿ ಕರೆಮ್ಮ ಹೇಳುತ್ತಾಳೆ.

ಆದರೂ ನಾನು ಓಡಿಬಂದೆ. ಕೊಡೇಕಲ್ಲಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಅಡಗಿ ಬಂದೆ. ಮನೆಗೆ ಬಂದಾಗ ನಿಮ್ಮಜ್ಜ ಅಂಬ್ರಪ್ಪ "ಯಾಕ್ ಬಂದಿ?" ಎಂದು ಕೇಳಿದ. ಅವ್ವ ನೆನಪಾದಳು ಎನ್ನಲು ನಾಚಿಕೆಯಾಯಿತು. "ಮಾಸ್ತರ ಬಡಿಗಿಲೆ ಹೊಡದ್ರು" ಎಂದೆ.

ಮರುದಿನ ನಿಮ್ಮಜ್ಜ ನನ್ನನ್ನು ಎಳೆದುಕೊಂಡು ಸುರಪುರಕ್ಕೆ ಹೋದ. ಎಲ್ಲ ಹುಡುಗರ ಎದುರು ಮಾಸ್ತರರಿಗೆ ಬಾಯಿಗೆ ಬಂದಂತೆ ಬೈದ. ಅವರು ಒಂದು ಮಾತೂ ಆಡಲಿಲ್ಲ. ನಾನು ನಿಮ್ಮಜ್ಜನ ಧೋತರದ ಹಿಂದೆ ನಿಂತಿದ್ದೆ. ಇಲ್ಲ, ಸುಳ್ಳು ಹೇಳಿದೆ ಎಂದು ಒಂದು ಮಾತು ಬಾಯಿಂದ ಹೊರಡಲಿಲ್ಲ. ಆಮೇಲೆ ಊರ ಶಾಲೆಯಲ್ಲಿ ಒಂಬತ್ತನೆಯವರೆಗೆ ಓದಿ ಬಿಟ್ಟೆ. ಮಾಸ್ತರರು ಈಗಲೂ ಸುರಪುರದಲ್ಲೇ ಇದ್ದಾರೆ. ಎರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಎರಡು ಸಲವೂ ಮುಖ ತಿರುಗಿಸಿಕೊಂಡು ಬಂದೆ.

ಮೂರು ವರ್ಷದ ಕಥೆ ಹೇಳಿಯೇ ನಿಮ್ಮವ್ವನನ್ನು ಮದುವೆಯಾದೆ. ಮೊನ್ನೆ ಧೈರ್ಯ ಮಾಡಿ ನಿಜ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ನಂಗ ಗೊತ್ತೈತಿ. ಮದ್ವಿ ಆದ್ ವಾರಕ್ಕ ಅತ್ತಿ ಹೇಳ್ಯಾಳ."

"ಮತ್ತ ಇಷ್ಟ್ ವರ್ಷ ಯಾಕ ಸುಮ್ಮನಿದ್ದಿ?"

"ನೀವು ಅಷ್ಟ್ ಖುಷಿಲಿಂದ ಹೇಳ್ತಿದ್ರಿ. ಕೇಳ್ಬೇಕ ಅನಸ್ತಿತ್ತು."

ನನ್ನದು ಇಷ್ಟು. ಬರೆಯಬೇಕೆನಿಸಿದರೆ ಬರೆ.

ಅಪ್ಪ


ಶಹಾಪುರ
೨೪ ಸೆಪ್ಟೆಂಬರ್ ೨೦೨೪

ಅಪ್ಪಾ,

ನಿನ್ನ ಪತ್ರವನ್ನು ಯಾರಿಗೂ ಓದಿ ಹೇಳಲಿಲ್ಲ. ಮೂರು ದಿನ ಸಿಟ್ಟಿನಲ್ಲಿದ್ದೆ. ನಾಲ್ಕನೇ ದಿನ ಬಸ್ಸಿನ ಸೀಟಿನ ಕೆಳಗೆ ನೀನು ಹೇಗೆ ಕಂಡಿರಬಹುದು ಎಂದು ಯೋಚಿಸಿ ನಗು ಬಂತು. ನಗು ಬಂದ ಮೇಲೆ ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ.

ಈಗ ನನ್ನದು ಕೇಳು. ಮನೆಗೆ ಹೋಗಬೇಕು ಅನಿಸುವುದು ಹುಮೇರಾಗೆ ಎಂದು ಬರೆದಿದ್ದೆನಲ್ಲ, ಅದು ನನಗೇ. ಜೂನಿನಿಂದ ದಿನಾ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನಮ್ಮಪ್ಪ ಮೂರು ವರ್ಷದಲ್ಲಿ ಒಂದು ದಿನ ಅಳಲಿಲ್ಲ, ನಾನು ಯಾಕೆ ಹೀಗೆ, ನನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆ. ಆಗಸ್ಟಿನಲ್ಲಿ ಬಟ್ಟೆಯನ್ನೂ ಚೀಲಕ್ಕೆ ತುಂಬಿದ್ದೆ. ಭಾನುವಾರ ಫೋನಿನಲ್ಲಿ ಹೊಟ್ಟೆನೋವು ಎಂದು ಕೂಗಬೇಕು, ನೀನು ಬಂದು ಕರೆದುಕೊಂಡು ಹೋಗುತ್ತೀಯ, ಮತ್ತೆ ಬರುವುದೇ ಬೇಡ ಎಂದು ಗೊತ್ತು ಮಾಡಿದ್ದೆ. ಅಷ್ಟರಲ್ಲಿ ಅವ್ವ "ತೆಲಿಗಿ ಎಣ್ಣಿ" ಎಂದು ಶುರು ಮಾಡಿ ಐದು ನಿಮಿಷ ಮುಗಿಸಿಬಿಟ್ಟಳು. ಮುಂದಿನ ಭಾನುವಾರಕ್ಕೆ ಎಂದು ಚೀಲವನ್ನು ಹಾಗೇ ಇಟ್ಟಿದ್ದೆ.

ನಿನ್ನ ಪತ್ರ ಬಂದ ಮೇಲೆ ಪಾರ್ವತಿಬಾಯಿ ಮೇಡಂ ಹತ್ತಿರ ನಾನೇ ಹೋದೆ. "ಮೇಡಂ, ನಂಗ ಮನಿ ಬಹಳ ನೆನಪಾಗ್ತದರಿ" ಎಂದೆ. ಹೇಳುವಾಗಲೇ ಅಳು ಬಂತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇಷ್ಟ್ ದಿನ ಎಲ್ಲಿಟ್ಟಿದ್ದಿ ಇದನ್ನ? ನೀ ಗಟ್ಟಿ ಹುಡುಗಿ ಅಂತ ನಾ ನಿನ್ ಕಡೆ ನೋಡೇ ಇಲ್ಲಲ್ಲ! ಈ ವರ್ಷ ಅತ್ತವರ ಪಟ್ಟಿ ಮಾಡಿದ್ರ ನೀ ಮೂವತ್ತೊಂದನೇಕಿ" ಎಂದರು. ನನ್ನ ಮಂಚವನ್ನು ಎಳೆಸಿ ಹುಮೇರಾಳ ಮಂಚಕ್ಕೆ ಜೋಡಿಸಿದರು. ಈಗ ಸಂಜೆ ಒಂದು ತಾಸು ಅವರ ಜೊತೆ ತರಕಾರಿ ತೋಟಕ್ಕೆ ನೀರು ಬಿಡುವ ಕೆಲಸ ನನ್ನದು. ನೀನು ಕಾಲುವೆಯವನು ಎಂದು ಹೇಳಿದ್ದೆ, ಅದಕ್ಕೇ ಕೊಟ್ಟರು. ಇನ್ನೂ ಅಳು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಚೀಲ ಬಿಚ್ಚಿದೆ. ಟ್ರಂಕಿನ ಚಿತ್ರವನ್ನು ಅಳಿಸಲಿಲ್ಲ. ಪಕ್ಕದಲ್ಲಿ ಮಡಕೆಯೊಂದನ್ನು ಬಿಡಿಸಿದ್ದೇನೆ, ಅದರ ಮುಂದೆ ಲೀಮಾಳನ್ನೂ.

ಒಂದು ಪ್ರಶ್ನೆ. ನನಗೆ ಬರೆದೆ, ಅವ್ವನಿಗೆ ಹೇಳಿದೆ. ಮಾಸ್ತರರಿಗೆ ಹೇಳಿದೆಯಾ?

ದಸರಾ ರಜೆಗೆ ಬರುತ್ತೇನೆ. ಕೊನೆಯ ಹಂತವನ್ನು ಆಡಬೇಡಿ, ಅವ್ವನೂ ನಾನೂ ಸೇರಿ ಆಡುತ್ತೇವೆ.

ನಿನ್ನ
ಯಶೂ


ಸುರಪುರ
೧೦ ನವೆಂಬರ್ ೨೦೨೪

ಯಶೂ,

ಊರ ಹೆಸರು ನೋಡಿದೆಯಾ? ಈ ಪತ್ರವನ್ನು ವಿಶ್ವರಾಧ್ಯ ಮಾಸ್ತರರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಳೆಯೂ ಅವರದೇ.

ರಜೆಯಲ್ಲಿ ನೀನಿದ್ದ ಅಷ್ಟು ದಿನದಲ್ಲಿ ಈ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನೀನು ಕೇಳದೆ ಹೋಗಿಬಿಟ್ಟೆ, ಅದಕ್ಕೇ ಮನಸ್ಸಿನಲ್ಲಿ ಉಳಿದುಕೊಂಡಿತು.

ಬೆಳಿಗ್ಗೆ ಹತ್ತಕ್ಕೆ ಬಂದೆ. ಬಾಗಿಲ ಮುಂದೆ ಎರಡು ಸಲ ಹಾಯ್ದು ಹೋದೆ. ಮೂರನೇ ಸಲಕ್ಕೆ ಒಳಗಿಂದಲೇ ಅವರು ಕೂಗಿದರು: "ಯಾರ್ರೀ ಅದು? ಮೀಟರ್ ನೋಡಾಕ ಬಂದೀರೇನು?"

ಒಳಗೆ ಹೋಗಿ ಹೆಸರು ಹೇಳಿದೆ. ಕೊಡೇಕಲ್ ಕಡೆಯ ಅಂಬ್ರಪ್ಪನ ಮಗ ಎಂದೆ. ಎಂಬತ್ತರ ಹತ್ತಿರದವರು, ಆದರೂ ಗುರುತು ಹಿಡಿಯಲು ತಡವಾಗಲಿಲ್ಲ.

"ದೇವಿಂದ್ರ! ಪುಂಡಿಪಲ್ಯ ಎರಡ್ ಸಲ ಹಾಕ್ಸಿಕೊಂಡವ!"

ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ನೀವು ನಂಗ ಹೊಡಿಲಿಲ್ರಿ. ನಾ ಸುಳ್ಳ ಹೇಳಿದ್ನಿ" ಎಂದಷ್ಟೇ ಹೇಳಿದೆ.

ಅದಕ್ಕೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಿಂಗ ಹೊಡಿಲಿಲ್ಲ ಅನ್ನೋದು ನಂಗ ಗೊತ್ತಿಲ್ಲೇನಪಾ? ನಿಮ್ಮಪ್ಪ ಬೈಯಾಕತ್ತಿದ್ದ. ನಾ ಹಿಂದ ತಿರುಗಿ ಹುಡುಗರ ಕಡೆ ನೋಡ್ದೆ. ನಲವತ್ತು ಹುಡುಗ್ರು ನಿಂತಿದ್ರು. ಅವರಾಗ ಒಬ್ಬನಾರ 'ಇಲ್ರಿ, ನಮ್ಮ ಮಾಸ್ತರ ಹೊಡ್ಯಾಂಗಿಲ್ಲ' ಅಂತಾನೇನೋ ಅಂತ ನೋಡ್ದೆ. ಒಬ್ಬನೂ ಅನ್ಲಿಲ್ಲ. ಹೆಂಗ್ ಅಂತಾರ? ನಿನ್ನ ಬಿಟ್ಟು ಎಲ್ಲಾರಿಗೂ ಹೊಡದಿದ್ದೆ. ನೀ ಹೊಸಬ, ನಿನ್ನ ಪಾಳಿ ಬಂದಿರಲಿಲ್ಲ. ಅವತ್ತ ಮನಿಗ್ ಬಂದು ಬಡಿಗಿ ಮುರದು ಒಲಿಗೆ ಹಾಕ್ದೆ. ಮತ್ತ ರಿಟೈರ್ ಆಗೋತನ ಮುಟ್ಲಿಲ್ಲ."

ನಾನು ತಲೆಯೆತ್ತಿ ನೋಡಿದೆ.

"ಆದ್ರೂ ನೀ ಬಂದಿದ್ದು ಚಲೋ ಆತು. ಇಷ್ಟ್ ವರ್ಷ ಆ ಹುಡುಗಗ ಊಟ ಹಾಕಿ ತಪ್ಪ ಮಾಡಿದ್ನೇನೋ, ಅದಕ್ಕ ಓಡಿಹೋದ ಅಂತ ಒಮ್ಮೊಮ್ಮೆ ಅನಸ್ತಿತ್ತು" ಎಂದರು.

"ಅದಕ್ಕಲ್ರಿ. ಅವ್ವ ನೆನಪಾಗಿದ್ಲು" ಎಂದೆ. ನಲವತ್ತೆರಡು ವರ್ಷಕ್ಕೆ ಬಾಯಿಬಿಟ್ಟು ಹೇಳಿದೆ ನೋಡು.

ಊಟ ಮಾಡದೆ ಹೋಗಬಾರದೆಂದು ಕೂರಿಸಿದರು. ಸೊಸೆ ಬಡಿಸಿದರು. ಈಗ ಮಾಸ್ತರರು ಒಳಗೆ ಅಡ್ಡಾಗಿದ್ದಾರೆ. ನಾಲ್ಕರ ಬಸ್ಸಿಗೆ ಇನ್ನೂ ಹೊತ್ತಿದೆ. ನಿನ್ನ ಬಗ್ಗೆ, ಬಾರೂನ್ ಬಗ್ಗೆ ಎಲ್ಲ ಕೇಳಿದರು. ಲೀಮಾ ಕೊನೆಗೆ ತಮ್ಮನಿಗೆ ಏನೆಂದಳು ಎಂದು ಕೇಳಿದರು. ಗಾಯಕ್ಕೆ ಬಟ್ಟೆ ಕಟ್ಟುವಾಗ ದೀಪ ಸರಿಯಾಗಿ ಹಿಡಿ ಎಂದಳು, ಅಷ್ಟೇ ಎಂದೆ. ಬಹಳ ಹೊತ್ತು ನಕ್ಕರು.

ಈಗ ಎದ್ದು ಬರುತ್ತಿದ್ದಾರೆ. ಏನು ಬರೆಯುತ್ತಿದ್ದೀ, ತೋರಿಸು ಎನ್ನುತ್ತಿದ್ದಾರೆ.

ನಿನ್ನ ಅಪ್ಪ
ದೇವಿಂದ್ರ


ಚಿ. ಯಶೋಧರಾಳಿಗೆ ಆಶೀರ್ವಾದಗಳು.

ನಿನ್ನ ತಂದೆಯ ಪತ್ರವನ್ನು ಓದಿದೆ. ನಾಲ್ಕು ಕಡೆ ಒತ್ತಕ್ಷರ ತಪ್ಪಿತ್ತು, ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಬರವಣಿಗೆ ದುಂಡಗಿದೆ. ಅವನು ಹೇಳಿ ನಿಮ್ಮಿಬ್ಬರ ಹಿಂದಿನ ಪತ್ರಗಳ ವಿಷಯವೂ ತಿಳಿಯಿತು. ಅದರಲ್ಲಿ ಒಂದು ತಿದ್ದುಪಡಿ ಬಾಕಿಯಿದೆ. ನಿಮ್ಮಜ್ಜ ಬೈಯುವಾಗ ನಾನು ಒಂದು ಮಾತೂ ಆಡದೆ ನಿಂತೆ ಎಂದು ಇವನು ನಿನಗೆ ದೊಡ್ಡದಾಗಿ ಬರೆದಿದ್ದಾನಂತೆ. ನಾನೂ ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಮಾಸ್ತರ ಎಂದರೆ ಸಹನೆ ಇರಬೇಕು ಎಂದು ಅದನ್ನೇ ಉದಾಹರಣೆ ಕೊಡುತ್ತಿದ್ದೆ.

ನಿಜ ಏನೆಂದರೆ ನಿಮ್ಮಜ್ಜ ಅಂಬ್ರಪ್ಪ ಆರಡಿ ಎತ್ತರದ ಆಳು. ಅವನ ಕೈ ನೋಡಿ ನನ್ನ ಬಾಯಿ ಒಣಗಿತ್ತು. ಮಾತಾಡಬೇಕೆಂದಿದ್ದೆ, ಆಗಲಿಲ್ಲ.

ವಿಶ್ವರಾಧ್ಯ
ನಿವೃತ್ತ ಶಿಕ್ಷಕ, ಸುರಪುರ